ಹಗ್ಗದ ಎರಡು ತುದಿಯಲ್ಲಿ ಗಂಡ ಹೆಂಡತಿ

ಶಾಲೆಯ ವ್ಯಾನು ಓಡಿಸುವವನಿಗೆ ಶನಿವಾರ, ಭಾನುವಾರ ರಜೆ. ರಜೆ ಅವನಿಗೆ ಮಾತ್ರ, ಮನೆಯವರಿಗಲ್ಲ. ವಾರವೆಲ್ಲ ಮಕ್ಕಳನ್ನು ಹತ್ತಿಸಿ ಇಳಿಸಿ, ಸೀಟಿನಡಿ ಉರುಳಿಹೋದ ನೀರಿನ ಬಾಟಲಿಗಳನ್ನು ಹುಡುಕಿ ಕೊಟ್ಟು, "ಕೂತ್ಕೊ, ಕೈ ಒಳಗೆ ತಗೊ" ಎಂದು ಕೂಗಿ ಅಭ್ಯಾಸವಾದ ಮನುಷ್ಯ ರಜೆಯ ದಿನ ಸುಮ್ಮನೆ ಕೂರುವುದು ಆಗದ ಮಾತು. ಬೆಳಗ್ಗೆ ಎದ್ದವನೇ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಬಿಡುತ್ತಿದ್ದ. ಸಕ್ಕರೆಯ ಜಾಗಕ್ಕೆ ಉಪ್ಪು ಬಂದಿರುತ್ತಿತ್ತು, ಸಕ್ಕರೆ ಎಲ್ಲಿಗೆ ಹೋಯಿತೆಂದು ಅವನಿಗೇ ನೆನಪಿರುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಪರೀಕ್ಷೆಗೆ ಹರಡಿಕೊಂಡಿದ್ದ ಪುಸ್ತಕಗಳು ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಪಾಟು ಸೇರಿರುತ್ತಿದ್ದವು. ಜೊತೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ, ತನ್ನ ಕನ್ನಡಕವನ್ನು ರಜೆಯ ದಿನ ಮೂಗಿನಿಂದ ಕೆಳಗಿಳಿಸುವುದನ್ನೇ ಬಿಟ್ಟಿದ್ದಳು. ಇಳಿಸಿದರೆ ಅದು ಮತ್ತೆ ಸಿಗುವುದು ಸೋಮವಾರವೇ.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಊರವರ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಪರದೆಗಳಿಗೆ ಅಂಚು ಹೊಲಿಯುವುದು ಅವಳ ಕೆಲಸ. ಒಂದು ಶನಿವಾರ ಅವನು ಅವಳ ದಾರದ ಉಂಡೆಗಳನ್ನೆಲ್ಲ ಕಡು ಬಣ್ಣದಿಂದ ತಿಳಿ ಬಣ್ಣಕ್ಕೆ ಸಾಲಾಗಿ ಜೋಡಿಸಿಟ್ಟ. ಅರ್ಧ ಹೊಲಿದ ಪರದೆಗೆ ಬೇಕಾದ ದಾರ ಹುಡುಕಿ ಹುಡುಕಿ ಸಾಕಾಗಿ ಅವಳು ಕತ್ತರಿ ಕೆಳಗಿಟ್ಟಳು.

"ರೀ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳು."

"ಶನಿವಾರ ಭಾನುವಾರ ಎಲ್ಲಾದ್ರೂ ಒಂದು ಕೆಲಸ ನೋಡ್ಕೊಳ್ಳಿ. ಸಂಬಳ ಕೊಡ್ದೇ ಇದ್ರೂ ಪರವಾಗಿಲ್ಲ."

"ಬೇಕಾದ್ರೆ ನಾವೇ ಕೊಡೋಣ," ಎಂದಳು ಒಳಗಿನಿಂದ ಅತ್ತೆ.

ಅವನು ನಕ್ಕ. ಆದರೆ ಮಾತು ನಾಟಿತು. ತಾನು ಮನೆಗೆ ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ. ಮರುದಿನವೇ ಕೆಲಸ ಹುಡುಕಿಕೊಂಡು ಹೊರಟ. ಮಂಚ ಮೇಜು ಮಾರುವ ಅಂಗಡಿಯವರು ಅವನ ಹೊಟ್ಟೆಯನ್ನೊಮ್ಮೆ, ತಮ್ಮ ಮೆಟ್ಟಿಲುಗಳನ್ನೊಮ್ಮೆ ನೋಡಿ, ಹೇಳಿ ಕಳಿಸುತ್ತೇವೆ ಎಂದರು. ದೊಡ್ಡ ದಿನಸಿ ಅಂಗಡಿಯಲ್ಲಿ ಮ್ಯಾನೇಜರು ಬರುವ ತನಕ ಕಾಯಲು ಹೇಳಿದ್ದರು. ಕಾಯುತ್ತ ನಿಂತವನು ಸುಮ್ಮನಿರಲಾರದೆ ಬಿಸ್ಕತ್ತಿನ ಕಪಾಟನ್ನು ಪೂರ್ತಿ ಹೊಸದಾಗಿ ಜೋಡಿಸಿಬಿಟ್ಟಿದ್ದ. ಮ್ಯಾನೇಜರು ಬಂದು ನೋಡಿ ಬಾಗಿಲು ತೋರಿಸಿದರು.

ಸಪ್ಪೆ ಮೋರೆ ಹಾಕಿಕೊಂಡು ವಾಪಸು ಬರುವಾಗ ಅವನ ಬೀದಿಗೆ ತಿರುಗುವ ದಾರಿ ಮುಚ್ಚಿತ್ತು. ರಸ್ತೆಗೆ ಅಡ್ಡವಾಗಿ ಹಳದಿ ಪಟ್ಟಿ, ಅದರಾಚೆ ಒಂದು ಲಾರಿ, ಲಾರಿಯ ಪಕ್ಕ ಕೊಂಬೆಗಳನ್ನು ನುಂಗಿ ಚೂರು ಮಾಡಿ ಉಗುಳುವ ಯಂತ್ರ. ಮೇಲೆ ಮರದಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಹಗ್ಗಕ್ಕೆ ಜೋತುಬಿದ್ದು ಗರಗಸ ಆಡಿಸುತ್ತಿದ್ದ. ಲಾರಿಯ ಹಿಂಬದಿಗೆ ರಟ್ಟಿನ ಬೋರ್ಡು ಕಟ್ಟಿತ್ತು: ಮರ ಸವರುವ ಕೆಲಸಕ್ಕೆ ಶನಿವಾರ ಭಾನುವಾರ ಜನ ಬೇಕು.

ಲಾರಿಯ ಒಡತಿ ಗಿಡ್ಡನೆಯ ಹೆಂಗಸು. ನರೆತ ಕೂದಲನ್ನು ತುಂಡಾಗಿ ಕತ್ತರಿಸಿಕೊಂಡಿದ್ದಳು. ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತು. ಕೆಲಸದವರೆಲ್ಲ ಅವಳನ್ನು ಮೇಸ್ತ್ರಿಯಕ್ಕ ಎನ್ನುತ್ತಿದ್ದರು.

"ಮರ ಹತ್ತಿ ಗೊತ್ತಾ?" ಎಂದು ಕೇಳಿದಳು.

"ಇಲ್ಲ ಅಕ್ಕ. ಮಹಡಿಯಿಂದ ಕೆಳಗೆ ನೋಡಿದ್ರೇ ನನಗೆ ಮಂಡಿ ನಡುಗುತ್ತೆ."

"ಸದ್ಯ, ನಿಜ ಹೇಳಿದ್ರಿ. ಹತ್ತೋಕೆ ನಮ್ಮ ಅಳಿಲು ಇದ್ದಾನೆ." ಅವಳು ಮರದ ಮೇಲಿನ ತೆಳ್ಳನೆಯವನತ್ತ ಗಲ್ಲ ಎತ್ತಿದಳು. "ನನಗೆ ಬೇಕಾಗಿರೋದು ಕೆಳಗೆ ನಿಲ್ಲೋರು. ಮೇಲಿರೋನ ಜೀವ ಕೆಳಗಿರೋನ ಕೈಲಿರುತ್ತೆ. ಬೇರೆ ಯಾವ ಕಡೆಗೂ ಗಮನ ಕೊಡದೆ ನಿಲ್ಲೋಕಾಗುತ್ತಾ?"

ಆಗುತ್ತದೆ ಎಂದ. ಮನೆಯಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ನಗುತ್ತಿದ್ದರು.

ಮುಂದಿನ ಶನಿವಾರ ಕೆಲಸ ಶುರುವಾಯಿತು. ಮೊದಮೊದಲು ಬಿದ್ದ ರೆಂಬೆಗಳನ್ನು ಎಳೆದು ಯಂತ್ರದ ಬಳಿ ಹಾಕುವುದು, ಬುಡದ ಕಡೆ ಮುಂದಾಗಿ ಅದರ ಬಾಯಿಗೆ ಕೊಡುವುದು, ಎಲೆ ಗುಡಿಸುವುದು. ಹೆಲ್ಮೆಟ್ಟಿನೊಳಗೆ ತಲೆ ಬೆಂದುಹೋಗುತ್ತಿತ್ತು. ಕೈಯ ಚರ್ಮ ಸುಲಿಯಿತು, ಸೊಂಟ ಹಿಡಿದುಕೊಂಡಿತು. ಆದರೂ ಅವನಿಗೆ ಖುಷಿ. ಎಷ್ಟು ಓರಣ ಮಾಡಿದರೂ ಇಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ಒಂದೇ ದಪ್ಪದ ಕೊಂಬೆಗಳನ್ನೆಲ್ಲ ಒಂದೇ ಕಡೆ ಪೇರಿಸಿಟ್ಟಿದ್ದನ್ನು ಕಂಡು ಮೇಸ್ತ್ರಿಯಕ್ಕ, "ನಮ್ಮ ವ್ಯಾನಣ್ಣನ್ನ ನೋಡ್ರೋ" ಎಂದು ಉಳಿದವರಿಗೆ ತೋರಿಸಿದಳು. ಅಂದಿನಿಂದ ಅಲ್ಲಿ ಅವನ ಹೆಸರು ವ್ಯಾನಣ್ಣ.

ಆಮೇಲೆ ಅವನ ಕೈಗೆ ಹಗ್ಗ ಬಂತು. ಕೆಳಗೆ ಗೋಡೆಯೋ ಚಾವಣಿಯೋ ಇದ್ದರೆ ಕೊಂಬೆಯನ್ನು ಹಾಗೇ ಬೀಳಿಸುವಂತಿಲ್ಲ. ಮೊದಲು ಅದಕ್ಕೆ ಹಗ್ಗ ಕಟ್ಟಬೇಕು, ಆ ಹಗ್ಗವನ್ನು ಮೇಲಿನ ಕವಲಿನ ಮೇಲೆ ಹಾಯಿಸಿ ಕೆಳಗೆ ಬುಡಕ್ಕೆ ಸುತ್ತಬೇಕು. ಮೇಲಿನವನು ಕೊಯ್ದ ಕೂಡಲೆ ಕೆಳಗಿನವನು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತ ಅದನ್ನು ನೆಲಕ್ಕೆ ತರಬೇಕು. ತಟ್ಟನೆ ಹಿಡಿದರೆ ಮರವೆಲ್ಲ ಅಲ್ಲಾಡಿ ಮೇಲಿನವನು ಹೆದರಿಹೋಗುತ್ತಾನೆ, ಬಿಟ್ಟುಬಿಟ್ಟರೆ ಚಾವಣಿ ಉಳಿಯುವುದಿಲ್ಲ. ವ್ಯಾನಣ್ಣ ಇಳಿಸಿದ ಮೊದಲ ಕೊಂಬೆ ನಿದ್ದೆ ಹೋದ ಮಗುವನ್ನು ಹಾಸಿಗೆಯಲ್ಲಿ ಮಲಗಿಸಿದಂತೆ ಹುಲ್ಲಿನ ಮೇಲೆ ಕೂತಿತು.

"ಎಲ್ಲಿ ಕಲಿತ್ರಿ ಇದನ್ನ?" ಎಂದಳು ಮೇಸ್ತ್ರಿಯಕ್ಕ.

"ಮಕ್ಕಳು ಕೂತಿರೋ ಗಾಡಿಗೆ ಬ್ರೇಕ್ ಹಾಕ್ತೀನಲ್ಲ ಅಕ್ಕ, ಹಾಗೇ ಬಿಟ್ಟೆ. ಜೋರಾಗಿ ಹಾಕಿದ್ರೆ ಹಣೆ ಹೊಡ್ಕೊಂಡು ಅಳ್ತಾವೆ."

ಸಂಜೆ ಮನೆಗೆ ಬಂದಾಗ ಕಿವಿಯಲ್ಲಿ, ಹುಬ್ಬಿನಲ್ಲಿ, ಜೇಬಿನಲ್ಲಿ ಮರದ ಪುಡಿ. ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಡಬ್ಬಿಗಳು ಇದ್ದಲ್ಲೇ ಇದ್ದವು. ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಿಶ್ಚಿಂತೆಯಿಂದ ಮಲಗಿದಳು. ಹೆಂಡತಿ ಮಾತ್ರ ಅವನನ್ನು ಮಲಗಲು ಬಿಡುತ್ತಿರಲಿಲ್ಲ. ಅಂಗಿ ಕೊಡವುತ್ತ, ಅದರ ವಾಸನೆ ನೋಡುತ್ತ ಒಂದೇ ಸಮ ಕೇಳುತ್ತಿದ್ದಳು. ಅಳಿಲು ಎಲ್ಲಿ ಕಾಲಿಡುತ್ತಾನೆ? ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವಾಗ ಹಗ್ಗ ಹೇಗೆ ಬದಲಾಯಿಸುತ್ತಾನೆ? ಯಾವ ಗಂಟು ಹಾಕುತ್ತಾನೆ? ಅವನು ನಿದ್ದೆಗಣ್ಣಿನಲ್ಲೇ ಪರದೆಯ ದಾರದಲ್ಲಿ ಗಂಟು ಹಾಕಿ ತೋರಿಸಿದ. ಅವಳು ಒಂದು ಸಲ ನೋಡಿ, ಅದನ್ನು ಬಿಚ್ಚಿ, ತಾನೇ ಹಾಕಿದಳು. ಅವನದಕ್ಕಿಂತ ಅಚ್ಚುಕಟ್ಟಾಗಿತ್ತು. ಹೊಲಿಗೆಯವಳಲ್ಲವೇ ಎಂದುಕೊಂಡು ಅವನು ನಿದ್ದೆಹೋದ.

ಒಂದು ಭಾನುವಾರ ಅವನು ಊಟದ ಡಬ್ಬಿ ಮರೆತುಹೋದ. ಅದನ್ನು ಹಿಡಿದು ಹೆಂಡತಿಯೇ ಕೆಲಸದ ಜಾಗಕ್ಕೆ ಬಂದಳು. ಅದು ಸಸಿ ಮಾರುವವನ ತೋಟ. ಗಾಜಿನ ಚಾವಣಿಯ ಉದ್ದನೆಯ ಮನೆಯೊಳಗೆ ಅವನ ಕುಂಡಗಳು, ಅದರ ನೆತ್ತಿಯ ಮೇಲೆ ಒಂದು ನೀಲಗಿರಿ ಮರದ ಒಣಗಿದ ದೊಡ್ಡ ಕೊಂಬೆ. ಅಳಿಲು ಮೇಲಿದ್ದ, ವ್ಯಾನಣ್ಣ ಬುಡದಲ್ಲಿ ಹಗ್ಗ ಹಿಡಿದಿದ್ದ, ಸಸಿಯವನು ಕಣ್ಣು ಮುಚ್ಚಿಕೊಂಡು ಗೋಡೆಗೆ ಆನಿಕೊಂಡಿದ್ದ. ಲಟ್ಟೆಂದು ಕೊಂಬೆ ಕಳಚಿತು. ಗಾಜಿನ ಮೇಲೆ ಅದರ ನೆರಳು ತೂಗಿತು, ನಿಂತಿತು, ಮೆಲ್ಲಗೆ ಪಕ್ಕಕ್ಕೆ ಸರಿಯಿತು. ವ್ಯಾನಣ್ಣ ಹಿಂದಕ್ಕೆ ವಾಲಿ, ಹಲ್ಲು ಕಚ್ಚಿ, ಇಷ್ಟಿಷ್ಟೇ ಸಡಿಲ ಬಿಡುತ್ತಿದ್ದ. ಕೊಂಬೆ ನೆಲ ಮುಟ್ಟಿದ ಮೇಲೆ ಸಸಿಯವನು ಒಂದು ಕಣ್ಣು ತೆರೆದ, ಆಮೇಲೆ ಇನ್ನೊಂದು.

ಹಳದಿ ಪಟ್ಟಿಯಾಚೆ ನಿಂತಿದ್ದ ಹೆಂಡತಿ ಡಬ್ಬಿ ಕೊಡುವುದನ್ನೇ ಮರೆತಿದ್ದಳು. ಅವಳು ಗಂಡನನ್ನು ಹಾಗೆ ನೋಡಿ ಬಹಳ ಕಾಲವಾಗಿತ್ತು. ಆದರೆ ಅವನು ನೋಡಿದಾಗ ಅವಳ ಕಣ್ಣು ಮರದ ಮೇಲಿತ್ತು.

ಊಟವಾದ ಮೇಲೂ ಅವಳು ಹೊರಡಲಿಲ್ಲ. ಅಳಿಲು ಬಿಚ್ಚಿಟ್ಟಿದ್ದ ಸೊಂಟಪಟ್ಟಿಯನ್ನು ಎತ್ತಿ ಅದರ ಹೊಲಿಗೆಯನ್ನು ಬೆರಳಿನಲ್ಲಿ ಎಳೆದು ನೋಡುತ್ತಿದ್ದಳು.

"ಗಟ್ಟಿ ಹೊಲಿಗೆ," ಎಂದಳು. ಆಮೇಲೆ ಮೇಸ್ತ್ರಿಯಕ್ಕನ ಕಡೆ ತಿರುಗಿ, ಅಂಗಡಿಯಲ್ಲಿ ಚಿಲ್ಲರೆ ಕೇಳಿದಷ್ಟು ಸಲೀಸಾಗಿ, "ಅಕ್ಕ, ನಾನೊಂದು ಸಲ ಹತ್ತಲಾ?" ಎಂದಳು.

ವ್ಯಾನಣ್ಣ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟ. ಮೇಸ್ತ್ರಿಯಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅಂಗೈ ತಿರುಗಿಸಿ ನೋಡಿದಳು. ತೋಟದ ಮೂಲೆಯಲ್ಲಿ ಒಂದು ಹಿಪ್ಪುನೇರಳೆ ಮರವಿತ್ತು, ಅಗಲವಾಗಿ, ತಗ್ಗಾಗಿ. ಅದಕ್ಕೆ ಹಗ್ಗ ಹಾಯಿಸಿ, ಪಟ್ಟಿಯನ್ನು ತಾನೇ ಬಿಗಿದು, ಹೆಲ್ಮೆಟ್ಟು ಇಟ್ಟು, ಹಗ್ಗದ ಇನ್ನೊಂದು ತುದಿಯನ್ನು ವ್ಯಾನಣ್ಣನ ಕೈಗೆ ಕೊಟ್ಟಳು.

"ಬಿದ್ದುಗಿದ್ದೀಯೆ," ಎಂದ ಅವನು.

"ನೀವಿದ್ದೀರಲ್ಲ, ಹಿಡ್ಕೊಳ್ಳಿ," ಎಂದು ಅವಳು ಹತ್ತಿದಳು.

ಹತ್ತಿದಳು ಅನ್ನುವುದಕ್ಕಿಂತ ಮರವೇ ಅವಳನ್ನು ಎತ್ತಿಕೊಂಡಿತು ಅನ್ನಬೇಕು. ಕೈ ಯಾವ ಕೊಂಬೆಗೆ, ಕಾಲು ಯಾವ ಕವಲಿಗೆ ಎಂದು ಅವಳು ಹುಡುಕಲೇ ಇಲ್ಲ. ಯಂತ್ರದ ಮುಂದೆ ಬಾಗಿ ಬಾಗಿ ಗೂನಾಗಿದ್ದ ಬೆನ್ನು ನೆಟ್ಟಗಾಗಿತ್ತು. ಅಳಿಲು ಕೈಯಲ್ಲಿದ್ದ ಟೀ ಕುಡಿಯದೆ ನಿಂತುಬಿಟ್ಟ. ಮೇಲೆ ಹೋಗಿ ಕವಲಿನಲ್ಲಿ ಕೂತು ಅವಳು ನಗತೊಡಗಿದಳು. ಕೆಳಗಿದ್ದವನಿಗೆ ಏನೂ ಅರ್ಥವಾಗದಿದ್ದರೂ ಹಗ್ಗ ಹಿಡಿದುಕೊಂಡು ಅವನೂ ನಕ್ಕ.

ಮನೆಗೆ ನಡೆಯುವಾಗ ಅವಳು ಹೇಳಿದಳು. ಚಿಕ್ಕವಳಿದ್ದಾಗ ಸೋದರಮಾವನ ಹಿತ್ತಿಲಲ್ಲಿದ್ದ ಮರಗಳನ್ನೆಲ್ಲ ಹತ್ತುತ್ತಿದ್ದಳಂತೆ. "ಆಮೇಲೆ ದೊಡ್ಡವಳಾದೆ, ಬೇಡ ಅಂದ್ರು. ಬಿಟ್ಟೆ. ಅಷ್ಟೇ."

"ನನಗ್ಯಾಕೆ ಹೇಳಲಿಲ್ಲ ಇಷ್ಟು ದಿನ?"

"ನನಗೇ ಮರೆತುಹೋಗಿತ್ತು ರೀ," ಎಂದಳು. ಆಮೇಲೆ ಅವನೇ ಕೇಳಿದ, "ಮುಂದಿನ ವಾರ ಬರ್ತೀಯಾ?"

ಮನೆಯಲ್ಲಿ ವಿಷಯ ಹೇಳಿದಾಗ ಮಗಳು ಬಾಯಿ ತೆರೆದವಳು ಮುಚ್ಚಲಿಲ್ಲ. ಅತ್ತೆ ಮಾತ್ರ ತಣ್ಣಗೆ, "ಅವಳು ಹತ್ತೋದೇನೂ ದೊಡ್ಡದಲ್ಲ. ಕೆಳಗಿಳಿಸೋದೇ ಕಷ್ಟ, ನಾನು ಪಟ್ಟಿದ್ದೀನಿ," ಎಂದಳು. ರಜೆಯ ದಿನದ ಅಡುಗೆಯನ್ನು ಅಜ್ಜಿ ಮೊಮ್ಮಗಳು ಹಂಚಿಕೊಂಡರು.

ಮೇಸ್ತ್ರಿಯಕ್ಕ ಸುಲಭಕ್ಕೆ ಗರಗಸ ಕೊಡುವವಳಲ್ಲ. ಹೆಂಡತಿ ತಿಂಗಳುಗಟ್ಟಲೆ ಬರೀ ಹತ್ತಿದಳು, ಇಳಿದಳು, ಗಂಟು ಹಾಕಿದಳು, ಬಿಚ್ಚಿದಳು. ಯಾವ ಕೊಂಬೆ ಭಾರ ಹೊರುತ್ತದೆ, ಯಾವುದು ಒಳಗೆ ಟೊಳ್ಳು ಎಂದು ಅಳಿಲು ತಟ್ಟಿ ಕೇಳಿಸಿ ಕಲಿಸಿದ. ಕೊನೆಗೊಂದು ಶನಿವಾರ ಶಿಶುವಿಹಾರದ ಅಂಗಳದಲ್ಲಿ ಜೋಕಾಲಿಯ ಮೇಲೆ ಚಾಚಿದ್ದ ಒಣ ಕೊಂಬೆಯೊಂದನ್ನು ತೋರಿಸಿ ಮೇಸ್ತ್ರಿಯಕ್ಕ, "ಅದು ನಿಂದು," ಎಂದು ಕೈಗರಗಸ ಕೊಟ್ಟಳು.

ಅವಳು ಮೇಲೆ ಹೋದಳು. ಕೊಂಬೆಗೆ ಹಗ್ಗ ಕಟ್ಟಿ ಅದರ ತುದಿಯನ್ನು ಕೆಳಗೆ ಅಳಿಲಿಗೆ ಇಳಿಬಿಟ್ಟಳು, ವ್ಯಾನಣ್ಣ ಹಿಡಿದಿದ್ದ ತನ್ನ ಹಗ್ಗವನ್ನು ಇನ್ನೊಮ್ಮೆ ಎಳೆದು ನೋಡಿದಳು, ಕೊಯ್ಯತೊಡಗಿದಳು. ಅರ್ಧ ಕೊಯ್ದಿರಬೇಕು, ಗರಗಸ ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ. ಕೆಳಗೆ ವ್ಯಾನಣ್ಣನ ನಾಲಿಗೆಯ ತುದಿಗೆ ಬೇಕಾದಷ್ಟು ಸಲಹೆಗಳು ಬಂದವು. ಹಾಗೆ ಮಾಡು, ಹೀಗೆ ಹಿಡಿ, ಕೈ ಅತ್ತ ತಗೊ. ಎಲ್ಲವನ್ನೂ ನುಂಗಿಕೊಂಡ. ಕೈಯಲ್ಲಿದ್ದ ಅವಳ ಹಗ್ಗದ ಮೇಲಷ್ಟೇ ಗಮನವಿಟ್ಟ. ಅವಳ ಕಾಲು ನಡುಗುವುದು ಹಗ್ಗದಲ್ಲಿ ಅವನಿಗೆ ಗೊತ್ತಾಗುತ್ತಿತ್ತು. ಆಮೇಲೆ ನಡುಕ ನಿಂತಿದ್ದೂ ಗೊತ್ತಾಯಿತು. ಅವಳು ಕೊಂಬೆಯನ್ನು ಅಂಗೈಯಿಂದ ತುಸು ಮೇಲೆತ್ತಿ, ಗರಗಸ ಬಿಡಿಸಿಕೊಂಡು, ಇನ್ನೊಂದು ಕಡೆಯಿಂದ ಕೊಯ್ದಳು.

"ಬಿಡ್ತೀನಿ ರೀ," ಎಂದು ಮೇಲಿನಿಂದ ಕೇಳಿಸಿತು.

"ಬಿಡು."

ಕೊಂಬೆ ಕಳಚಿ, ಒಮ್ಮೆ ತೂಗಿ, ಜೋಕಾಲಿಯ ಪಕ್ಕದ ಮರಳಿನ ಮೇಲೆ ಬಂದು ಮಲಗಿತು. ಅಳಿಲು ಕೊಂಬೆಯ ಹಗ್ಗ ಕೆಳಗಿಟ್ಟು ಕೈ ತಟ್ಟಿದ. ಮೇಸ್ತ್ರಿಯಕ್ಕ ಯಂತ್ರವನ್ನು ಆರಿಸಿದಳು. ಅಂಗಳ ನಿಶ್ಶಬ್ದವಾಯಿತು. ಅವಳು ಇಳಿಯಲಿಲ್ಲ. ಕವಲಿಗೆ ಬೆನ್ನು ಕೊಟ್ಟು, ಕಾಲು ಇಳಿಬಿಟ್ಟು ಕೂತಳು.

"ಏನು ಕಾಣ್ಸುತ್ತೆ?" ಎಂದು ಅವನು ಕೇಳಿದ.

"ಚಾವಣಿಗಳು. ಯಾರೋ ಕೊಡೆ ಒಣಗಿ ಹಾಕಿದ್ದಾರೆ, ಕೆಂಪು ಕೊಡೆ. ಆಚೆ ಒಂದು ನಾಯಿ ನೀರಿನ ತೊಟ್ಟಿ ಮೇಲೆ ಮಲಗಿದೆ. ಅಲ್ಲಿಗೆ ಹೇಗೆ ಹತ್ತಿತೋ." ಹೆಲ್ಮೆಟ್ಟನ್ನು ತುಸು ಹಿಂದಕ್ಕೆ ಸರಿಸಿ, "ಗಾಳಿ ಚೆನ್ನಾಗಿದೆ ರೀ," ಎಂದಳು.

"ಇಳೀತೀಯಾ?"

"ಇನ್ನೊಂಚೂರು."

ಅಳಿಲು ಟೀ ತಂದುಕೊಟ್ಟ. ವ್ಯಾನಣ್ಣ ಹಗ್ಗವನ್ನು ಒಂದು ಕೈಗೆ ಭದ್ರವಾಗಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ಕತ್ತೆತ್ತಿ ಅವಳನ್ನೇ ನೋಡುತ್ತ ನಿಧಾನವಾಗಿ ಕುಡಿಯತೊಡಗಿದ.