ಖಾಲಿ ಹಾಳೆಯ ಸಹಿ

ಮುಮ್ತಾಜಬಿ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಾಗ ಪಂಚಾಯ್ತಿಯ ಜವಾನ ಡಾಕಪ್ಪ ಠರಾವಿನ ಪುಸ್ತಕ ಹಿಡಿದು ಬಂದ. ಎರಡು ಸಾವಿರದ ಐದರ ಚುನಾವಣೆಯಲ್ಲಿ ಊರ ಹಿರಿಯರು, ಹದಿನೆಂಟು ಮುಸಲ್ಮಾನ ಮನೆಗಳಿಗೂ ಒಬ್ಬ ಮೆಂಬರ್ ಇರಲಿ ಎಂದು ಅವಳನ್ನು ಅವಿರೋಧವಾಗಿ ಆರಿಸಿದ್ದರು. ವರ್ಷ ಎರಡಾದರೂ ಅವಳು ಸಭೆಯ ಕೋಣೆ ಕಂಡಿರಲಿಲ್ಲ. ಹೆಂಗಸರ ಸಹಿ ಮೊದಲು, ಖಾಲಿ ಹಾಳೆಯ ಮೇಲೆ, ಬರವಣಿಗೆ ಆಮೇಲೆ. ಎಂಥ ಸೊಗಸಾದ ಏರ್ಪಾಡು ನೋಡಿ!

"ಹೋದ ಸಲ ಏನ್ ಬರದ್ರು, ಡಾಕಣ್ಣ?"

ಡಾಕಪ್ಪ ತಲೆ ಕೆರೆದುಕೊಂಡ. "ನಿಮ್ಮ ಕಬರಸ್ತಾನದ ಜಾಗದಾಗ ಮೆಣಸಿನಕಾಯಿ ಕಣ ಮಾಡ್ತಾರಂತ್ರಿ. ನಾಳೆ ಸಭಾದಾಗ ಓದಿ ಖಾಯಂ ಮಾಡೂದೈತಿ. ನಿಮ್ಮ ಸಹೀನೂ ಐತಲ್ರಿ."

ಅವಳು ಮೆಣಸಿನಕಾಯಿ ಬದಿಗೆ ಸರಿಸಿ ಎದ್ದಳು. ಹೋದ ವರ್ಷವಷ್ಟೇ ಅವಳ ಮಗಳನ್ನು ಆ ಮಣ್ಣಿಗಿಟ್ಟಿದ್ದರು.

ಒಳಗಿಂದ ಕೇಳಿಸಿಕೊಂಡ ಅತ್ತೆ ಬಿಬಿಜಾನ್ ಬಾಗಿಲಿಗೆ ಬಂದಳು. "ಅಧ್ಯಕ್ಷರ ಕಾಲು ಹಿಡೀ. ಎದುರು ಮಾತಾಡಬ್ಯಾಡ. ಊರಿಗೆ ಊರನ್ನ ಎದುರು ಹಾಕ್ಕೊಂಡು ನಾವು ಎಲ್ಲಿ ಬಾಳ್ವಿ ಮಾಡೂದು?"

"ಈಗ ಸತ್ರ ಎಲ್ಲಿ ಹೋಗೂದು, ಅದನ್ನ ಹೇಳ್ರಿ," ಎಂದು ಸೊಸೆ ಬಿಕ್ಕಿದಳು.

ಮರುದಿನ ಅವಳು ಸಭೆಗೆ ಬಂದಾಗ ಅಧ್ಯಕ್ಷ ಪ್ರಭುಲಿಂಗಪ್ಪ ಹುಬ್ಬೇರಿಸಿದರು. "ನೀ ಯಾಕ ಬರಾಕ ಹೋದಿ ತಂಗಿ? ಊರ ಭಲಾಯಿಗೆ ಮಾಡೀವಿ. ನಿಮ್ಮ ಹೆಣ್ಮಕ್ಕಳಿಗೂ ಕೆಲಸ ಸಿಗತೈತಿ. ಹಳ್ಳದ ದಂಡಿಗೆ ಬ್ಯಾರೆ ಜಾಗ ಕೊಡ್ತೀವಿ."

"ಮಳಿಗಾಲದಾಗ ಅಲ್ಲಿ ಹೆಣ ತೇಲ್ತಾವ್ರಿ, ಸಾವ್ಕಾರ್ರ. ನೋಡದ ಸಹಿ ಮಾಡಿದ್ದು ನನ್ನ ತಪ್ಪು, ಖರೇ. ಈಗ ನನ್ನ ವಿರೋಧ ಅಂತ ಬರೀರಿ."

"ಹನ್ನೊಂದು ಮಂದಿ ಎದುರು ಒಬ್ಬಾಕಿ! ಬರದ್ರ ಏನಾಗತೈತಿ?"

"ಏನೂ ಆಗಂಗಿಲ್ಲೇನೋ. ಆದ್ರೂ ಬರೀರಿ."

ಅವಳು ಕೈ ಎತ್ತಿ ನಿಂತಳು. ಯಾರೂ ಅವಳ ಮುಖ ನೋಡಲಿಲ್ಲ. ಆಗ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ, ಹೊಲಗೇರಿಯ ಮೆಂಬರ್ ದುರಗವ್ವ ಸೆರಗು ಕೊಡವಿಕೊಂಡು ಎದ್ದಳು.

"ನನ್ನ ಸಹೀನೂ ಖಾಲಿ ಹಾಳಿ ಮ್ಯಾಲಿಂದ. ಎರಡು ಅಂತ ಬರೀರಿ."

ಎರಡರ ವಿರುದ್ಧ ಹತ್ತು ಮತಗಳಿಂದ ಠರಾವು ಪಾಸಾಯಿತು. ಮುಮ್ತಾಜಬಿ ಪಂಚಾಯ್ತಿಯ ಹೊರಗಿನ ಕಟ್ಟೆಗೆ ಬಂದವಳೇ ಹೋ ಎಂದು ಅತ್ತಳು. ದುರಗವ್ವ ಅವಳ ರಟ್ಟೆ ಹಿಡಿದೆತ್ತಿದಳು.

"ಅತ್ತಿದ್ದು ಸಾಕೇಳವ್ವ. ಬ್ಯಾಡಗಿ ಬಸ್ಸು ಹನ್ನೆರಡಕ್ಕೈತಿ. ತಾಲೂಕಿನ ಸಾಹೇಬ್ರ ಮುಂದ ಇಬ್ರೂ ಹೋಗಿ ನಿಂದ್ರೂಣು, ನಡಿ."