ಒಂದು ಮಗ್ಗುಲು ಖಾಲಿ

ನೂಲಿನ ಗಿರಣಿಗೆ ಬೀಗ ಬಿದ್ದು ಮೂರು ತಿಂಗಳಾಗಿತ್ತು. ಅಲ್ಲಿ ಹತ್ತೊಂಬತ್ತು ವರ್ಷ ನೇಮಕಾತಿ ವಿಭಾಗದ ಹೆಡ್ ಕ್ಲಾರ್ಕ್ ಆಗಿದ್ದವನು ಕೈಕಟ್ಟಿ ಕೂರುವ ಆಸಾಮಿಯಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದುಕೊಂಡು ಆರಕ್ಕೇ ಎದ್ದು, ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು, ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಕೂರುತ್ತಿದ್ದ. ದಿನಕ್ಕೆ ಮೂರು ಅರ್ಜಿ, ಎರಡು ಕಚೇರಿಗೆ ಖುದ್ದು ಭೇಟಿ, ಹಳೇ ಪರಿಚಯದ ಒಬ್ಬರಿಗೆ ಫೋನು, ಸಂಜೆ ಮಗಳಿಂದ ಕಂಪ್ಯೂಟರ್ ಪಾಠ. ಚಪ್ಪಲಿ ಸವೆಯಿತೇ ಹೊರತು ಎಲ್ಲಿಂದಲೂ ಉತ್ತರ ಬರಲಿಲ್ಲ.

"ಇಲ್ಲ ಅನ್ನೋಕೂ ಬಾಯಿಲ್ವಾ ಇವ್ರಿಗೆ? ಒಂದು ಸಾಲು ಬರೆದ್ರೆ ಇವ್ರ ಗಂಟೇನು ಹೋಗುತ್ತೆ?" ಎಂದು ಹೆಂಡತಿಯ ಮುಂದೆ ದಿನಾ ಗೊಣಗುತ್ತಿದ್ದ.

ಕೊನೆಗೆ ದಾರಿ ತೋರಿಸಿದವನು ಕೆಳಮನೆಯ ಎಲೆಕ್ಟ್ರಿಷಿಯನ್. ಈಗ ಬಾಟಲಿ ಕಾರ್ಖಾನೆಯಲ್ಲಿ ಕೆಲಸ ಅವನಿಗೆ. "ನಮ್ಮಲ್ಲಿ ಸ್ಟೋರ್ ನೋಡ್ಕೊಳ್ಳೋರು ಬೇಕಂತೆ. ಅರ್ಜಿ ಕೊಡಿ ಸಾರ್, ನಾನೇ ಕೈಯಾರೆ ಮುಟ್ಟಿಸ್ತೀನಿ" ಅಂದ. ಅರ್ಜಿ ಒಯ್ದ ದಿನವೇ ಫೋನು ಬಂತು. ಮರುದಿನ ಹತ್ತಕ್ಕೆ ಸಂದರ್ಶನ.

ಮಗಳಿಗೆ ಎಲ್ಲಿಲ್ಲದ ಹುರುಪು. ಅಟ್ಟದಿಂದ ತನ್ನ ಹಳೇ ಲೆಕ್ಕದ ಪುಸ್ತಕ ಇಳಿಸಿದಳು. ಅದರದ್ದೊಂದು ಕಥೆ. ಗಿರಣಿಗೆ ಬರುತ್ತಿದ್ದ ಅರ್ಜಿಗಳನ್ನು ಇವನು ಪೂರ್ತಿ ಓದುತ್ತಿದ್ದುದೇ ಅಪರೂಪ. ಒಂದು ಮಗ್ಗುಲು ಖಾಲಿ ಇದ್ದವನ್ನು ಮನೆಗೆ ತಂದು, ಗಿರಣಿಯ ನೂಲಿನಲ್ಲೇ ಹೊಲಿದು ಮಗಳಿಗೆ ಪುಸ್ತಕ ಮಾಡಿಕೊಡುತ್ತಿದ್ದ. ಹಾಳೆ ಹಾಳಾಗಬಾರದು ಎಂಬ ಹೆಮ್ಮೆ ಬೇರೆ.

"ಬೇರೆಯವ್ರು ತಮ್ಮ ಬಗ್ಗೆ ಹೇಗೆ ಹೇಳ್ಕೊಂಡಿದ್ದಾರೆ ನೋಡೋಣಪ್ಪ" ಎಂದು ಅವಳು ಒಂದನ್ನು ಗಟ್ಟಿಯಾಗಿ ಓದಿದಳು. "ಮಾನ್ಯರೇ, ಇದು ನನ್ನ ಮೂರನೇ ಅರ್ಜಿ. ಇಲ್ಲವೆಂದಾದರೂ ಒಂದು ಸಾಲು ಬರೆದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ..." ಅಲ್ಲಿಗೆ ನಿಂತಳು. "ಅಪ್ಪಾ, ಈ ವಿಳಾಸ ನಮ್ಮ ಬಿಲ್ಡಿಂಗಿಂದು."

ಸಹಿ ಕೆಳಮನೆಯವನದೇ. ಹಿಂದುಗಡೆ ಮಗಳ ಭಾಗಾಕಾರ, ಪಕ್ಕದಲ್ಲಿ ಇವನೇ ಹಾಕಿದ ಕೆಂಪು ಸರಿ ಗುರುತು. ಆ ದಿನಗಳಲ್ಲಿ ಅವನು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, "ನನ್ನ ಅರ್ಜಿ ಎಲ್ಲಿಗೆ ಬಂತು ಸಾರ್?" ಎಂದು ಕೇಳುತ್ತಿದ್ದ. "ಸಾಹೇಬ್ರ ಮೇಜಿನ ಮೇಲಿದೆ" ಎಂದು ಇವನು ನಾಲಿಗೆ ತೊದಲದೆ ಹೇಳುತ್ತಿದ್ದ. ಅದು ಇದ್ದದ್ದು ಇದೇ ಊಟದ ಮೇಜಿನ ಮೇಲೆ.

ಮಗಳು ಏನಾದರೂ ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು.

"ಈಗ ಕೆದಕ್ಬೇಡಿ. ಕೆಲ್ಸ ಸಿಗ್ಲಿ, ಆಮೇಲೆ ಹೇಳಿದ್ರಾಯ್ತು" ಎಂದಳು ಹೆಂಡತಿ. ಮಾತು ಸರಿಯಾಗಿಯೇ ಇತ್ತು. ಕೆಳಮನೆಯವನು ಕಾರ್ಖಾನೆಯಲ್ಲಿ ಒಂದು ಮಾತು ಆಡಿದರೆ ಸಿಗಲಿದ್ದ ಒಂದೇ ಒಂದು ಕೆಲಸವೂ ಕೈತಪ್ಪುತ್ತಿತ್ತು. ಆದರೆ ಅವನ ಮುಖ ನೋಡಿಕೊಂಡೇ ಅವನ ಜೊತೆ ದಿನಾ ಕೆಲಸಕ್ಕೆ ಹೋಗುವುದು ಹೇಗೆಂದು ಇವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಪುಸ್ತಕದಿಂದ ಆ ಹಾಳೆ ಬಿಚ್ಚಿಕೊಂಡು ಕೆಳಗಿಳಿದ. ಕೆಳಮನೆಯವನು ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ.

"ಇದು ಯಾವತ್ತೂ ಸಾಹೇಬ್ರವರೆಗೆ ಹೋಗ್ಲೇ ಇಲ್ಲ" ಎಂದ ಇವನು. "ನಿಮಗೆ ಸುಳ್ಳು ಹೇಳ್ತಾ ಬಂದೆ."

ಅವನು ಹಾಳೆಯನ್ನು ಕೈಗೂ ತಗೊಳ್ಳಲಿಲ್ಲ. "ಗೊತ್ತು ಸಾರ್. ನಿಮ್ಮ ಮಗಳು ನಮ್ಮನೇಲಿ ಕೂತು ಲೆಕ್ಕ ಮಾಡ್ತಿದ್ಲಲ್ಲ. ನನ್ನ ಅಕ್ಷರ ನನಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಕೇಳ್ತಿದ್ರಾ?"

"ನೀವು ಏನು ಹೇಳ್ತೀರ ನೋಡೋಣ ಅಂತ."

"ಮತ್ತೆ ನನ್ನ ಅರ್ಜಿ ಯಾಕೆ ತಗೊಂಡು ಹೋದ್ರಿ?"

ಅವನು ಎರಡನೇ ಬೂಟಿನ ಗಂಟು ಬಿಗಿದ. "ಒಂದು ಅರ್ಜಿ ಮೇಜಿಗೆ ಮುಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನನಗೂ ನೋಡ್ಬೇಕಿತ್ತು. ನಮ್ಮ ಕಾರ್ಖಾನೆ ಸಾಹೇಬ್ರ ಕೋಣೆಗೆ ಮೆಟ್ಟಿಲು ಹತ್ತಿ ಇಳಿಯೋಕೆ ಎರಡೇ ನಿಮಿಷ. ಬನ್ನಿ, ಬಸ್ಸು ತಪ್ಪುತ್ತೆ."

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿತ್ತು. ಕಿಟಕಿಯ ಕಡೆ ಸರಿದು, "ಕೂತ್ಕೊಳ್ಳಿ ಸಾರ್" ಅಂದ. ಇವನು ಕಂಬಿ ಹಿಡಿದು ಕಾರ್ಖಾನೆಯವರೆಗೂ ನಿಂತೇ ಹೋದ.