ಓಟು ಹಾಕದ ಬೆರಳು

ಆ ಫೋಟೋ ನೋಡದವರು ಆ ಕಾಲದಲ್ಲಿ ಪುತ್ತೂರಿನ ಸುತ್ತಮುತ್ತ ಯಾರೂ ಇರಲಿಲ್ಲ. ತಲೆಯ ಮೇಲೆ ಬಿಳಿ ವಸ್ತ್ರ, ಮುಖದ ತುಂಬ ನಗು, ಎತ್ತಿ ಹಿಡಿದ ತೋರುಬೆರಳಿನಲ್ಲಿ ಮಸಿ. ಕೆಳಗೆ ‘ಓಟು ಹಾಕಿದ ತಾಯಿ’ ಎಂಬ ದಪ್ಪ ಅಕ್ಷರ. ಪತ್ರಿಕೆಯಲ್ಲಿ ಬಂತು, ಕ್ಯಾಲೆಂಡರಿಗೆ ಹತ್ತಿತು, ಶಾಲೆಗಳ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಭಾಷಣ ಮಾಡುವವರಿಗಂತೂ ಹಬ್ಬ. ಆ ತಾಯಿ ಕಬಕದ ಆಯಿಶಮ್ಮ. ಅವಳು ಓಟು ಹಾಕಿರಲೇ ಇಲ್ಲ.

ಐವತ್ತೆರಡರ ಮೊದಲ ಚುನಾವಣೆಯಲ್ಲಿ ಅವಳ ಹೆಸರೇ ಪಟ್ಟಿಯಲ್ಲಿರಲಿಲ್ಲ. ಬರೆದುಕೊಳ್ಳಲು ಬಂದ ಮಹಾನುಭಾವ ಕೇಳಿದ್ದು ಅವಳ ಗಂಡನನ್ನು. ಹೊರಗಿನವರ ಮುಂದೆ ಹೆಂಡತಿಯ ಹೆಸರು ಹೇಳುವುದುಂಟೇ? ಗಂಡ ಮಗನ ಹೆಸರು ಹಿಡಿದು ‘ಕುಂಞಿ ಮೋನುವಿನ ಉಮ್ಮ’, ಅವನ ತಾಯಿ, ಎಂದ. ಇವನು ಹಾಗೆಯೇ ಬರೆದ, ಮೇಲಿನವರು ಇದೊಂದು ಹೆಸರೇ ಎಂದು ಹೊಡೆದು ಹಾಕಿದರು. ಮಗನಿಗೆ ಓಟು ಉಂಟು, ಹೆತ್ತವಳಿಗೆ ಇಲ್ಲ. ಆಯಿಶಮ್ಮನಿಗೆ ಹೊಟ್ಟೆ ಉರಿಯಿತು. ಮೂರು ಸಲ ಪುತ್ತೂರಿಗೆ ನಡೆದು, ಗುಮಾಸ್ತರ ಮುಂದೆ ನಿಂತು, ತನ್ನ ಹೆಸರನ್ನು ತಾನೇ ಹೇಳಿ ಬರೆಸಿದಳು.

ಐವತ್ತೇಳರ ಚುನಾವಣೆಯ ಬೆಳಿಗ್ಗೆ ಅವಳು ಶಾಲೆಯ ಮುಂದೆ ಸಾಲಿನಲ್ಲಿದ್ದಾಗ ಪುತ್ತೂರಿನ ಸ್ಟುಡಿಯೋದ ಯಜ್ಞೇಶ್ವರ ಕ್ಯಾಮರಾ ನೇತುಹಾಕಿಕೊಂಡು ಬಂದ. ಓಟು ಹಾಕಿ ಹೊರಬಂದ ಹೆಂಗಸಿನ ಚಿತ್ರ ಅವನಿಗೆ ಬೇಕಿತ್ತು, ಕಾಯುವ ತಾಳ್ಮೆ ಮಾತ್ರ ಇರಲಿಲ್ಲ. ಮಂಗಳೂರಿನ ಬಸ್ಸಿಗೆ ಹೊತ್ತಾಗಿತ್ತು. ಆಯಿಶಮ್ಮನ ಕೈ ಹಿಡಿಯದೆಯೇ, ಫೌಂಟನ್ ಪೆನ್ನಿನ ತುದಿಯಿಂದ ಅವಳ ಉಗುರಿನ ಬುಡಕ್ಕೆ ಮಸಿ ಇಳಿಸಿದ.

“ಇದೆಂತ ಮಾರಾಯ, ನಾನಿನ್ನೂ ಒಳಗೆ ಹೋಗಲಿಲ್ಲ,” ಎಂದಳು.

“ಹೇಗೂ ಹಾಕುದಲ್ವಾ ಅಮ್ಮ? ಸ್ವಲ್ಪ ಮೊದಲು, ಅಷ್ಟೆ. ಬೆರಳು ಎತ್ತಿ, ನಗಿ.”

ನಕ್ಕಳು, ಪಾಪದವಳು. ಐದು ವರ್ಷ ಕಾದ ಖುಷಿ ಅದು. ಆ ಫೋಟೋದಲ್ಲಿ ನಿಜವಾದದ್ದು ಅದೊಂದೇ.

ಒಳಗೆ ಘಟ್ಟದ ಮೇಲಿನಿಂದ ಬಂದಿದ್ದ ಅಧಿಕಾರಿ ಬೆರಳು ನೋಡಿ, “ನಿಮ್ಮದು ಆಗಿದೆಯಲ್ಲ, ಮತ್ತೆ ಯಾಕೆ ಬಂದ್ರಿ?” ಎಂದ. ಅವಳು ನಡೆದದ್ದನ್ನು ಹೇಳಿದಳು. ಸಾಕ್ಷಿಗೆ ಯಜ್ಞೇಶ್ವರನನ್ನು ಹುಡುಕಿದರೆ ಅವನೆಲ್ಲಿ? ಬಸ್ಸು ಹತ್ತಿ ಆಗಿತ್ತು. ಮನೆಗೆ ಓಡಿ ಸಾಬೂನು ಹಾಕಿ ತಿಕ್ಕಿದಳು, ಪೆನ್ನಿನ ಮಸಿ ಹೋಯಿತು. ಸರಕಾರದ ಮಸಿ ಅಷ್ಟು ಸುಲಭದಲ್ಲಿ ಹೋಗುತ್ತದೆಯೇ? ಇದನ್ನು ಯೋಚಿಸಲು ಅಧಿಕಾರಿಯ ತಲೆಯಲ್ಲಿ ಏನಾದರೂ ಇರಬೇಕಿತ್ತು. ಅವಳು ಮತ್ತೆ ಬಂದು ನಿಂತಾಗ, “ಉಜ್ಜಿಕೊಂಡು ಬಂದಿದ್ದೀರಾ? ಕಳ್ಳ ಓಟು ಅಂತ ಪೊಲೀಸರಿಗೆ ಕೊಡಬೇಕಾಗುತ್ತೆ,” ಎಂದು ಗದರಿಸಿ ಕಳಿಸಿದ.

ಯಜ್ಞೇಶ್ವರನಿಗೆ ಶಾಲು, ಹಾರ, ಸನ್ಮಾನ. ಆಯಿಶಮ್ಮ ಸಿಕ್ಕಿದವರಿಗೆಲ್ಲ ಸತ್ಯ ಹೇಳಿ ನೋಡಿದಳು. “ಫೋಟೋದಲ್ಲೇ ಉಂಟಲ್ಲ ಆಯಿಶಮ್ಮ,” ಎಂದು ನಕ್ಕರು ಜನ. ಊರಿಗೆ ಹೆಸರು ಬಂದಿದೆ, ಈ ಮುದುಕಿಯದ್ದೊಂದು ಕಿರಿಕಿರಿ ಎಂದರು. ಕೊನೆಗೆ ಗಂಡ ಕೂಡ, “ನೀನೇ ಮರೆತಿರಬೇಕು,” ಎಂದ. ಅವತ್ತು ಅವಳು ಅವನಿಗೆ ಊಟ ಬಡಿಸಲಿಲ್ಲ.

ಅರವತ್ತೆರಡರ ಚುನಾವಣೆ ಬಂತು. ಆಯಿಶಮ್ಮ ಶಾಲೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಕೈಯನ್ನು ವಸ್ತ್ರದಿಂದ ಹೊರಗೆ ತೆಗೆದದ್ದು ಅಧಿಕಾರಿಯ ಮೇಜಿನ ಮುಂದೆಯೇ. ಮಸಿ ಹಾಕಿಸಿಕೊಂಡಳು, ಚೀಟಿಗೆ ಮುದ್ರೆ ಒತ್ತಿದಳು, ಪೆಟ್ಟಿಗೆಗೆ ಹಾಕಿ ಅದು ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದಳು.

ಹೊರಗೆ ಯಜ್ಞೇಶ್ವರ ಹೊಸ ಕ್ಯಾಮರಾ ಹಿಡಿದು ಕಾಯುತ್ತಿದ್ದ. ಈಗ ಅವನಿಗೆ ಹೊಟ್ಟೆಯೂ ಬಂದಿತ್ತು.

“ಅದೇ ತಾಯಿ, ಅದೇ ಬೆರಳು, ಐದು ವರ್ಷದ ನಂತರ. ಪತ್ರಿಕೆಯವರು ಕೇಳಿದ್ದಾರೆ ಅಮ್ಮ. ಒಮ್ಮೆ ಎತ್ತಿ ತೋರಿಸಿ.”

“ಸುಳ್ಳಿನದ್ದು ನಿನ್ನ ಹತ್ತಿರ ಉಂಟಲ್ಲ ಮಾರಾಯ, ಅದನ್ನೇ ಇನ್ನೊಮ್ಮೆ ಹಾಕು,” ಎಂದಳು ಆಯಿಶಮ್ಮ. “ಇದು ನಾನು ಹಾಕಿದ್ದು. ಇದು ನಿನಗೆ ಸಿಕ್ಕುದಿಲ್ಲ.”

ಮುಷ್ಟಿ ಕಟ್ಟಿ, ಕೈಯನ್ನು ವಸ್ತ್ರದೊಳಗೆ ಇಟ್ಟುಕೊಂಡು ಅವಳು ಮನೆಗೆ ಹೊರಟಳು.